ಒಂದು ಕೀಲಿಗೆ ಒಂದೇ ಅಕ್ಷರ: ಮಂದದೃಷ್ಟಿಯವರಿಗಾಗಿ ಕೀಬೋರ್ಡ್ ಸಿದ್ಧಪಡಿಸುವುದು

ಅಂಗಡಿಯಿಂದ ತಂದ ಸಾಮಾನ್ಯ ಕೀಬೋರ್ಡಿನ ಕೀಲಿಯ ತಲೆ ಸುಮಾರು 12 ಮಿಲಿಮೀಟರ್ ಅಗಲ, 14 ಮಿಲಿಮೀಟರ್ ಉದ್ದ ಇರುತ್ತದೆ. ಅದರ ಮೇಲಿನ ಅಕ್ಷರದ ಎತ್ತರ ನಾಲ್ಕೈದು ಮಿಲಿಮೀಟರ್ ಮಾತ್ರ. ಅದೂ ಎಡಗಡೆ ಮೂಲೆಯಲ್ಲಿ, ತೆಳು ಗೆರೆಯಲ್ಲಿ, ಎಷ್ಟೋ ಸಲ ಬೂದು ಬಣ್ಣದಲ್ಲಿ. ಉಳಿದ ಜಾಗವೆಲ್ಲ ಖಾಲಿ. ಆ ಖಾಲಿ ಜಾಗವನ್ನು ತುಂಬಿಕೊಂಡರೆ ಅಕ್ಷರ ಈಗಿರುವುದರ ಎರಡರಷ್ಟಾಗುತ್ತದೆ, ಹೊಸ ಕೀಬೋರ್ಡ್ ಕೊಳ್ಳಬೇಕಾಗಿಲ್ಲ. ಒಂದು ಹಾಳೆ ಸ್ಟಿಕರ್, ಏಳೆಂಟು ಉಬ್ಬುಚುಕ್ಕೆ, ಒಂದು ಮೇಜುದೀಪ ಇದ್ದರೆ ಬಹುಪಾಲು ಜನರ ಕೆಲಸ ನಡೆಯುತ್ತದೆ.

ಆದರೆ ಸ್ಟಿಕರ್ ತರುವುದಕ್ಕೆ ಮೊದಲು, ಕೀಬೋರ್ಡ್ ಬಳಸುವವರಿಗೆ ಏನು ಕಾಣುತ್ತಿಲ್ಲ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಂದದೃಷ್ಟಿಯನ್ನು ಎರಡು ಬಗೆಯಾಗಿ ಗುರುತಿಸುತ್ತದೆ: ಕನ್ನಡಕ ಹಾಕಿದ ಮೇಲೂ ಒಳ್ಳೆಯ ಕಣ್ಣಿನ ದೃಷ್ಟಿ 6/18ರಿಂದ 3/60ರ ನಡುವೆ ಇರುವುದು (6/18 ಎಂದರೆ ಸಾಮಾನ್ಯ ಕಣ್ಣಿಗೆ 18 ಮೀಟರಿನಿಂದ ಕಾಣುವುದನ್ನು 6 ಮೀಟರ್ ಹತ್ತಿರ ಬಂದು ನೋಡಬೇಕಾಗುವುದು), ಇಲ್ಲವೇ ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿವರೆಗೆ ಕುಗ್ಗಿರುವುದು. ಕೀಬೋರ್ಡಿನ ಮಟ್ಟಿಗೆ ಈ ಎರಡಕ್ಕೂ ಮದ್ದು ಒಂದೇ ಅಲ್ಲ. ಅಕ್ಷಿಪಟಲದ ನಡುಭಾಗ ಸವೆದವರಿಗೆ ಅಕ್ಷರ ದೊಡ್ಡದಾದಷ್ಟೂ ಅನುಕೂಲ. ರೆಟಿನೈಟಿಸ್ ಪಿಗ್ಮೆಂಟೋಸಾದಿಂದಲೋ ಗ್ಲಾಕೋಮಾದಿಂದಲೋ ನೋಟದ ಹರವು ಕಿರಿದಾದವರಿಗೆ ಅಕ್ಷರ ಎಷ್ಟೋ ಸಲ ಸರಿಯಾಗಿಯೇ ಕಾಣುತ್ತದೆ, ಅದು ಎಲ್ಲಿದೆ ಎಂದು ಸಿಗುವುದಿಲ್ಲ. ಇಂಥವರಿಗೆ ಭಾರಿ ಗಾತ್ರದ ಕೀಬೋರ್ಡ್ ಕೊಟ್ಟರೆ ಹುಡುಕಬೇಕಾದ ಜಾಗ ಇನ್ನಷ್ಟು ಹಿಗ್ಗಿ ತೊಂದರೆ ಹೆಚ್ಚುತ್ತದೆ. ಇವರಿಗೆ ಬೇಕಿರುವುದು ಗಾಢ ಬಣ್ಣವ್ಯತ್ಯಾಸ ಮತ್ತು ಬೆರಳಿಗೆ ಸಿಗುವ ಗುರುತು. ಕಣ್ಣಿನ ಪೊರೆ ಇರುವವರಿಗೆ, ಹುಟ್ಟಿನಿಂದಲೇ ಚರ್ಮ, ಕಣ್ಣುಗಳಲ್ಲಿ ಬಣ್ಣ ಕಡಿಮೆಯಾಗಿರುವ ಆಲ್ಬಿನಿಸಂ ಇರುವವರಿಗೆ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಹಳದಿಯಾಗಿ ಹೊಳೆಯುವ ಕೀಬೋರ್ಡ್ ಅವರಿಗೆ ಹಿಂಸೆ, ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಥವಾ ಬಿಳಿ ಅಕ್ಷರ ಹಿತ.

ಮೊದಲು ಬೆಳಕು, ದೂರ, ಕನ್ನಡಕ

ಖರ್ಚಿಲ್ಲದ ಕೆಲಸವನ್ನು ಮೊದಲು ಮುಗಿಸೋಣ. ಕಣ್ಣಿಗೂ ಕೀಬೋರ್ಡಿಗೂ ನಡುವಿನ ದೂರ 60 ಸೆಂಟಿಮೀಟರಿನಿಂದ 30ಕ್ಕೆ ಇಳಿದರೆ ಅದೇ ಅಕ್ಷರ ಕಣ್ಣಿನೊಳಗೆ ಎರಡರಷ್ಟು ದೊಡ್ಡದಾಗಿ ಮೂಡುತ್ತದೆ. ಮೇಜಿನ ಕೆಳಗಿನ ಎಳೆಹಲಗೆಯಲ್ಲಿ ಕೀಬೋರ್ಡ್ ಇಡುವ ಅಭ್ಯಾಸವನ್ನು ಬಿಡಿಸಿ. ಅಲ್ಲಿ ದೂರವೂ ಹೆಚ್ಚು, ಕತ್ತಲೂ ಹೆಚ್ಚು. ಕೀಬೋರ್ಡನ್ನು ಮೇಜಿನ ಮೇಲಿಟ್ಟು, ಹಿಂಬದಿ ಎತ್ತರವಾಗುವಂತೆ ಓರೆಹಲಗೆಯ ಮೇಲೆ ಕೂರಿಸಿ. ಮಣಿಕಟ್ಟು ಮೇಲಕ್ಕೆ ಬಾಗುವಷ್ಟು ಎತ್ತರ ಬೇಡ, ನೋವು ಶುರುವಾಗುತ್ತದೆ.

ಓದುವ ಕನ್ನಡಕ ಸಾಮಾನ್ಯವಾಗಿ 40 ಸೆಂಟಿಮೀಟರ್ ದೂರದ ಪುಸ್ತಕಕ್ಕೆ ಹೊಂದಿಸಿದ್ದು, ಕೀಬೋರ್ಡ್ ಅದಕ್ಕಿಂತ ದೂರದಲ್ಲಿರುತ್ತದೆ. ಬೈಫೋಕಲ್ ಆದರೆ ಓದುವ ಗಾಜು ಕೆಳಗಿರುವುದರಿಂದ ಪರದೆ ನೋಡಲು ಗದ್ದ ಎತ್ತಬೇಕು, ಕೀಲಿ ನೋಡಲು ಕಣ್ಣು ಇಳಿಸಬೇಕು, ದಿನವಿಡೀ ಇದೇ ಆಟ. ಕಣ್ಣಿನ ತಪಾಸಣೆಗೆ ಹೋಗುವಾಗ ಕಣ್ಣಿನಿಂದ ಕೀಬೋರ್ಡಿಗೆ ಎಷ್ಟು, ಪರದೆಗೆ ಎಷ್ಟು ಎಂದು ಟೇಪಿನಲ್ಲಿ ಅಳೆದು ಬರೆದುಕೊಂಡು ಹೋಗಿ. ಆ ಎರಡು ಅಂಕಿ ಇದ್ದರೆ ಕಂಪ್ಯೂಟರಿಗೆಂದೇ ಬೇರೆ ಕನ್ನಡಕ ಬರೆದುಕೊಡುವುದು ಸುಲಭ.

ದೀಪ ಪಕ್ಕದಲ್ಲಿರಲಿ, ಬಲ್ಬು ಕಣ್ಣಿಗೆ ನೇರವಾಗಿ ಕಾಣದಂತೆ ಅದರ ಮುಚ್ಚಳ ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ. ಸರಿಯಾದ ಜಾಗ ಹುಡುಕಲು ಒಂದು ಉಪಾಯವಿದೆ: ಸಣ್ಣ ಕನ್ನಡಿಯನ್ನು ಕೀಲಿಗಳ ಮೇಲೆ ಮಲಗಿಸಿ, ಬಳಸುವವರು ತಮ್ಮ ಕುರ್ಚಿಯಲ್ಲೇ ಕೂತು ನೋಡಲಿ. ಕನ್ನಡಿಯಲ್ಲಿ ಬಲ್ಬೋ ಕಿಟಕಿಯೋ ಕಂಡರೆ ಅದೇ ಜಾಗದ ಕೀಲಿಗಳು ಹೊಳೆದು ಅಕ್ಷರ ಅಳಿಸಿಹೋಗುತ್ತದೆ. ಕನ್ನಡಿಯಲ್ಲಿ ಬೆಳಕು ಕಾಣಿಸದಂತಾಗುವವರೆಗೆ ದೀಪವನ್ನು ಸರಿಸಿ.

ಬೆಳ್ಳಿ ಬಣ್ಣದ ಕೀಲಿ, ಕೀಲಿಯೊಳಗಿನಿಂದ ಬಿಳಿ ಬೆಳಕು ಬರುವ ಲ್ಯಾಪ್‌ಟಾಪ್ ಇದ್ದರೆ ಹಗಲಿನಲ್ಲಿ ಆ ಬೆಳಕನ್ನು ಆರಿಸಿ ನೋಡಿ. ಬೂದು ಅಕ್ಷರದ ಹಿಂದಿನಿಂದ ಬಿಳಿ ಬೆಳಕು ಬಂದಾಗ ಅಕ್ಷರವೂ ಕೀಲಿಯೂ ಒಂದೇ ಬಣ್ಣವಾಗಿ ಮಾಯವಾಗುತ್ತವೆ. ಎಷ್ಟೋ ಜನ ಇದನ್ನು ತಮ್ಮ ಕಣ್ಣಿನ ದೋಷವೆಂದೇ ತಿಳಿದಿರುತ್ತಾರೆ.

ಪರೀಕ್ಷೆಯ ಹಾಳೆ

ಕಾಗದದ ಮೇಲೆ ನಾಲ್ಕು ಬಣ್ಣಜೋಡಿಗಳಲ್ಲಿ ಅಕ್ಷರ ಮುದ್ರಿಸಿ: ಹಳದಿ ಮೇಲೆ ಕಪ್ಪು, ಕಪ್ಪು ಮೇಲೆ ಹಳದಿ, ಬಿಳಿ ಮೇಲೆ ಕಪ್ಪು, ಕಪ್ಪು ಮೇಲೆ ಬಿಳಿ. ಪ್ರತಿಯೊಂದರಲ್ಲೂ 5, 7, 9 ಮಿಲಿಮೀಟರ್ ಎತ್ತರದ ಅಕ್ಷರಗಳಿರಲಿ. ಗೊಂದಲ ಹುಟ್ಟಿಸುವ ಜೋಡಿಗಳನ್ನೇ ಆರಿಸಿ: ಬಿ ಮತ್ತು ಎಂಟು, ಓ ಮತ್ತು ಸೊನ್ನೆ, ಐ ಮತ್ತು ಒಂದು, ಸಿ ಮತ್ತು ಜಿ. ಹಾಳೆಯನ್ನು ಕೀಬೋರ್ಡ್ ಇರುವ ಜಾಗದಲ್ಲೇ ಇಟ್ಟು, ಕೆಲಸ ಮಾಡುವ ಹೊತ್ತಿನ ಬೆಳಕಿನಲ್ಲೇ ಓದಿಸಿ. ಒಮ್ಮೆ ಬೆಳಿಗ್ಗೆ, ಒಮ್ಮೆ ಕಣ್ಣು ದಣಿದ ಸಂಜೆ. ಸಂಜೆ ಓದಲು ಬಂದ ಗಾತ್ರವನ್ನೇ ಹಿಡಿಯಿರಿ.

ಬಣ್ಣ ಆರಿಸುವ ಹಕ್ಕು ಕೀಬೋರ್ಡ್ ಬಳಸುವವರದ್ದು. ಚೆನ್ನಾಗಿ ಕಾಣುವ ಮಗನೋ ಸೊಸೆಯೋ ಕಚೇರಿಯ ಸಹಾಯಕರೋ ತಮ್ಮ ಕಣ್ಣಿಗೆ ಅಂದವಾದದ್ದನ್ನು ತಂದು ಅಂಟಿಸುವುದರಿಂದಲೇ ಅರ್ಧದಷ್ಟು ಸ್ಟಿಕರುಗಳು ಉಪಯೋಗಕ್ಕೆ ಬಾರದೆ ಹೋಗುತ್ತವೆ.

ಇದೇ ಹೊತ್ತಿನಲ್ಲಿ ಇನ್ನೊಂದನ್ನೂ ಗಮನಿಸಿ. ಅರ್ಧ ಪುಟ ಬೆರಳಚ್ಚು ಮಾಡಲು ಹೇಳಿ, ಎಲ್ಲಿ ಕೈ ನಿಂತು ಹುಡುಕುತ್ತದೆ ಎಂದು ಗುರುತು ಹಾಕಿಕೊಳ್ಳಿ. ರೂಢಿಯಿರುವವರ ಕೈ ಅಕ್ಷರಗಳ ಮೇಲೆ ಸರಾಗವಾಗಿ ಓಡುತ್ತದೆ, ನಿಲ್ಲುವುದು ಅಂಕಿ, ಚಿಹ್ನೆ, ಡಿಲೀಟ್, ಮೇಲಿನ ಎಫ್ ಸಾಲಿನ ಕೀಲಿಗಳಲ್ಲಿ. ಅಂಥವರಿಗೆ ಇಡೀ ಕೀಬೋರ್ಡಿಗೆ ಸ್ಟಿಕರ್ ಬೇಕಿಲ್ಲ, ತಡವರಿಸುವ ಕೀಲಿಗಳಿಗೆ ಮಾತ್ರ ಹಚ್ಚಿದರೆ ಆ ಕೀಲಿಗಳೇ ಎದ್ದು ಕಾಣುತ್ತವೆ.

ಸ್ಟಿಕರ್ ಮಾಡಿಸುವುದು

ಆನ್‌ಲೈನಿನಲ್ಲಿ ಸಿಗುವ ದೊಡ್ಡಕ್ಷರದ ಇಂಗ್ಲಿಷ್ ಸ್ಟಿಕರುಗಳು ಬಹುಪಾಲು ಸರಿಯಾಗಿಯೇ ಇರುತ್ತವೆ. ಕೊಳ್ಳುವಾಗ ಮೈ ಹೊಳೆಯದ ಮ್ಯಾಟ್ ಆಗಿರುವುದು, ಅಕ್ಷರ ಪದರದ ಅಡಿಯಲ್ಲಿ ಮುದ್ರಿತವಾಗಿರುವುದು, ಒಂದು ಕೀಲಿಯಲ್ಲಿ ಒಂದೇ ಅಕ್ಷರ ಇರುವುದು, ಈ ಮೂರನ್ನು ನೋಡಿ. ನಿಮಗೆ ಬೇಕಾದದ್ದು ಸಿಗದಿದ್ದರೆ ಊರಿನ ಫ್ಲೆಕ್ಸ್ ಮತ್ತು ಸ್ಟಿಕರ್ ಅಂಗಡಿಯಲ್ಲಿ ಮಾಡಿಸಬಹುದು. ಮ್ಯಾಟ್ ವಿನೈಲ್ ಮೇಲೆ ಮುದ್ರಣ, ಅದರ ಮೇಲೆ ಮ್ಯಾಟ್ ಲ್ಯಾಮಿನೇಷನ್ ಎಂದು ಬಿಡಿಸಿ ಹೇಳಿ. ಹೇಳದಿದ್ದರೆ ಹೊಳೆಯುವ ಲ್ಯಾಮಿನೇಷನ್ ಹಾಕುತ್ತಾರೆ, ದೀಪದ ಕೆಳಗೆ ಅದು ಕನ್ನಡಿಯೇ ಆಗಿಬಿಡುತ್ತದೆ. ಮನೆಯ ಇಂಕ್‌ಜೆಟ್‌ನಲ್ಲಿ ಸ್ಟಿಕರ್ ಕಾಗದದ ಮೇಲೆ ಮುದ್ರಿಸಿದ್ದು ಬೆರಳಿನ ಬೆವರಿಗೇ ಕದಡುತ್ತದೆ. ಪರೀಕ್ಷೆಯ ಹಾಳೆಗೆ ಸಾಕು, ಅಂಟಿಸಲು ಬೇಡ.

ಅಳತೆ: ಮೇಜಿನ ಕೀಬೋರ್ಡಿಗೆ 11 ಮಿಲಿಮೀಟರ್ ಅಗಲ, 13 ಮಿಲಿಮೀಟರ್ ಉದ್ದ. ಚಪ್ಪಟೆ ಕೀಲಿಯ ಲ್ಯಾಪ್‌ಟಾಪಿಗೆ 13ಕ್ಕೆ 13. ಹಾಗಿದ್ದರೂ ನಿಮ್ಮ ಕೀಲಿಯನ್ನು ಸ್ಕೇಲಿನಲ್ಲಿ ಅಳೆದು, ಸುತ್ತಲೂ ಅರ್ಧ ಮಿಲಿಮೀಟರಾದರೂ ಅಂಚು ಬಿಡಿ. ಸ್ಟಿಕರ್ ಕೀಲಿಯ ಅಂಚನ್ನು ಮುಟ್ಟಿದರೆ ಬೆರಳು ಜಾರುವಾಗ ಅಲ್ಲಿಂದಲೇ ಏಳುತ್ತದೆ. 15 ಮಿಲಿಮೀಟರ್ ಅಂತರದಲ್ಲಿ ಚೌಕ ಹಾಕಿದರೆ, ಸುತ್ತ ಒಂದು ಸೆಂಟಿಮೀಟರ್ ಬಿಟ್ಟರೂ ಎ4 ಹಾಳೆಯಲ್ಲಿ ಅಡ್ಡಕ್ಕೆ 12, ಉದ್ದಕ್ಕೆ 18, ಒಟ್ಟು 216 ಸ್ಟಿಕರ್ ಕೂರುತ್ತವೆ. ಪೂರ್ತಿ ಕೀಬೋರ್ಡಿನಲ್ಲಿ ಸಾಮಾನ್ಯವಾಗಿ 104 ಕೀಲಿ, ಆದ್ದರಿಂದ ಒಂದೇ ಹಾಳೆಯಲ್ಲಿ ಎರಡು ಜೊತೆ ಬರುತ್ತದೆ. ಎರಡನೆಯದು ಮುಂದೆ ಬೇಕಾಗುತ್ತದೆ.

ಇಂಗ್ಲಿಷಿನ ದೊಡ್ಡಕ್ಷರ 9 ಮಿಲಿಮೀಟರ್ ಎತ್ತರ ಬರಬೇಕಾದರೆ ಸುಮಾರು 36 ಪಾಯಿಂಟ್ ಇಡಬೇಕು. ಡಬ್ಲ್ಯು ಮತ್ತು ಎಂ ಮಾತ್ರ ಆ ಗಾತ್ರದಲ್ಲಿ 11 ಮಿಲಿಮೀಟರ್ ಅಗಲಕ್ಕೆ ಹಿಡಿಸುವುದಿಲ್ಲ, ಅವೆರಡನ್ನು 28ಕ್ಕೆ ಇಳಿಸಿ. ಅಕ್ಷರದ ಗೆರೆಗಳ ತುದಿಯಲ್ಲಿ ಮೊಳೆಯಂಥ ಚಾಚು ಇಲ್ಲದ (ಸಾನ್ಸ್ ಸೆರಿಫ್) ದಪ್ಪ ಫಾಂಟ್ ಬೇಕು. ಬ್ರೈಲ್ ಇನ್‌ಸ್ಟಿಟ್ಯೂಟ್ ಸಂಸ್ಥೆ ಮಂದದೃಷ್ಟಿಯವರಿಗೆಂದೇ ಮಾಡಿಸಿದ ಅಟ್ಕಿನ್ಸನ್ ಹೈಪರ್‌ಲೆಜಿಬಲ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಸೊನ್ನೆಗೆ ಅಡ್ಡಗೆರೆ ಇದೆ, ಐ, ಒಂದು, ಎಲ್ ಮೂರೂ ಬೇರೆಬೇರೆಯಾಗಿ ಕಾಣುತ್ತವೆ.

ಕಪ್ಪು ಹಿನ್ನೆಲೆಯಾದರೆ ಪ್ರತಿ ಚೌಕವನ್ನೂ ಬೇರೆಯಾಗಿ ಕಪ್ಪು ಮಾಡಬೇಡಿ, ಇಡೀ ಹಾಳೆಯನ್ನೇ ಕಪ್ಪು ಮಾಡಿ ಮೇಲೆ ತೆಳುಗೆರೆ ಹಾಕಿ. ಇಲ್ಲದಿದ್ದರೆ ಕತ್ತರಿಸುವಾಗ ಕೂದಲೆಳೆ ತಪ್ಪಿದರೂ ಬಿಳಿ ಅಂಚು ಉಳಿದು ಅದು ಅಕ್ಷರದ ಭಾಗದಂತೆ ಕಾಣುತ್ತದೆ. ಅಂಗಡಿಗೆ ಪಿಡಿಎಫ್ ಮಾಡಿಯೇ ಕೊಡಿ. ವರ್ಡ್ ಕಡತ ಕೊಟ್ಟರೆ ಅಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ, ಕನ್ನಡವಂತೂ ಚೂರುಚೂರಾಗುತ್ತದೆ. ಹಾಳೆಯ ಒಂದು ಮೂಲೆಯಲ್ಲಿ ಸರಿಯಾಗಿ 100 ಮಿಲಿಮೀಟರಿನ ಗೆರೆ ಎಳೆದಿರಿ. ಮುದ್ರಿಸಿದ ಮೇಲೆ ಅದನ್ನು ಅಳೆದು 96 ಬಂದರೆ ಪುಟಕ್ಕೆ ಹೊಂದಿಸುವ ಆಯ್ಕೆ ಚಾಲೂ ಇತ್ತೆಂದು ಅರ್ಥ, ತೆಗೆಸಿ ಮತ್ತೆ ಮುದ್ರಿಸಿಕೊಳ್ಳಿ.

ಕನ್ನಡ ಬೆರಳಚ್ಚು ಮಾಡುವವರಿಗೆ

ಇಲ್ಲಿ ಮೊದಲ ಪ್ರಶ್ನೆ ಯಾವ ವಿನ್ಯಾಸ, ಅಂದರೆ ಯಾವ ಕೀಲಿಗೆ ಯಾವ ಅಕ್ಷರ, ಎಂಬುದು. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸದಲ್ಲಿ ಬರೆಯುವವರಿಗೆ ಕನ್ನಡ ಸ್ಟಿಕರ್ ಹಾಳೆ ಬೇಕಿಲ್ಲ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಹೀಗೆ ಇಂಗ್ಲಿಷ್ ಅಕ್ಷರದ ಉಚ್ಚಾರವೇ ದಾರಿ ತೋರಿಸುತ್ತದೆ. ದಾರಿ ತಪ್ಪಿಸುವ ಕೀಲಿಗಳು ಕೆಲವೇ: ಕ್ಯೂನಲ್ಲಿ ಟ, ಡಬ್ಲ್ಯುನಲ್ಲಿ ಡ, ಎಕ್ಸ್‌ನಲ್ಲಿ ಷ, ಒತ್ತಕ್ಷರ ಕೂಡಿಸುವ ಎಫ್. ಇವುಗಳಿಗೆ ಮಾತ್ರ ಕನ್ನಡದ ಅಕ್ಷರ, ಉಳಿದವಕ್ಕೆ ದೊಡ್ಡ ಇಂಗ್ಲಿಷ್ ಅಕ್ಷರ ಹಚ್ಚಿದರೆ ಒಂದೇ ಕೀಬೋರ್ಡಿನಲ್ಲಿ ಎರಡೂ ಭಾಷೆ ನಡೆಯುತ್ತದೆ.

ಇನ್‌ಸ್ಕ್ರಿಪ್ಟ್ ಎಂಬ, ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮದ ವಿನ್ಯಾಸ ಕಲಿತವರ ಕಷ್ಟ ಬೇರೆ. ಪೇಟೆಯ ಇನ್‌ಸ್ಕ್ರಿಪ್ಟ್ ಸ್ಟಿಕರಿನಲ್ಲಿ ಇಂಗ್ಲಿಷ್ ಒಂದು, ಕನ್ನಡ ಎರಡು, ಕೆಲವೊಮ್ಮೆ ಚಿಹ್ನೆಯೂ ಸೇರಿ ಒಂದು ಕೀಲಿಗೆ ಮೂರು ನಾಲ್ಕು ಆಕೃತಿ ತುಂಬಿರುತ್ತಾರೆ. ಎತ್ತರ ಮೂರು ಮಿಲಿಮೀಟರಿಗೆ ಇಳಿಯುತ್ತದೆ, ಧ, ಢ, ಭಗಳ ಕೆಳಗಿನ ಸೀಳು ಮುಚ್ಚಿಹೋಗಿ ದ, ಡ, ಬಗಳೇ ಆಗುತ್ತವೆ. ಸ್ವರಚಿಹ್ನೆಯನ್ನು ಚುಕ್ಕೆಯ ವೃತ್ತದ ಜೊತೆ ಹಾಕಿದರಂತೂ ಜಾಗವೆಲ್ಲ ವೃತ್ತಕ್ಕೇ ಹೋಗಿ ಗುಡಿಸು, ಕೊಂಬು ಕಾಣುವುದೇ ಇಲ್ಲ.

ಬಿಡಿಸಿಕೊಳ್ಳುವ ಬಗೆ ಹೀಗಿದೆ. ಇನ್‌ಸ್ಕ್ರಿಪ್ಟಿನಲ್ಲಿ ಎಡಗೈ ಕಡೆ ಸ್ವರಗಳು, ಬಲಗೈ ಕಡೆ ಹೆಚ್ಚಿನ ವ್ಯಂಜನಗಳು. ಎಫ್ ಕೀಲಿ ಗುಡಿಸನ್ನು ಕೊಡುತ್ತದೆ, ಶಿಫ್ಟ್ ಜೊತೆಗೆ ಇ ಕೊಡುತ್ತದೆ, ಎರಡೂ ಒಂದೇ ಸ್ವರ. ಹಾಗಾಗಿ ಸ್ಟಿಕರಿನ ಮೇಲೆ ಇ ಎಂದಷ್ಟೇ ದೊಡ್ಡದಾಗಿ ಮುದ್ರಿಸಿ, ಚಿಹ್ನೆ ಬಿಟ್ಟುಬಿಡಿ. ವ್ಯಂಜನಗಳಲ್ಲೂ ಕ, ಗ, ಜ, ದ, ತ, ಪ, ಬ, ಚ, ಟ, ಡ ಎಂದು ಅಲ್ಪಪ್ರಾಣ ಮಾತ್ರ ಹಾಕಿ, ಮಹಾಪ್ರಾಣ ಅದೇ ಕೀಲಿಯ ಶಿಫ್ಟಿನಲ್ಲಿ ಇದ್ದೇ ಇದೆ. ಲ ಇರುವಲ್ಲಿ ಳ, ಸ ಇರುವಲ್ಲಿ ಶ ಸಿಗುವುದನ್ನು ಊಹಿಸಬಹುದು. ಊಹೆಗೆ ನಿಲುಕದವು ಮ ಕೀಲಿಯ ಶಿಫ್ಟಿನಲ್ಲಿರುವ ಣ, ಹ ಕೀಲಿಯ ಶಿಫ್ಟಿನಲ್ಲಿರುವ ಙ, ಅಲ್ಪವಿರಾಮದ ಶಿಫ್ಟಿನಲ್ಲಿರುವ ಷ. ಇವನ್ನು ದಪ್ಪಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆದು ಪರದೆಯ ಕೆಳಗೆ ನಿಲ್ಲಿಸಿದರೆ ಸಾಕು. ಡಿ ಕೀಲಿ ಒತ್ತಕ್ಷರ ಕೂಡಿಸುವ ಕೀಲಿ, ಪ್ರತಿ ಸಾಲಿನಲ್ಲೂ ಹಲವು ಬಾರಿ ಬೇಕಾಗುವಂಥದ್ದು. ಅದಕ್ಕೆ ಬೇರೆ ಬಣ್ಣ ಕೊಡಿ.

ಕನ್ನಡ ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ ಎಂಬ ಫಾಂಟಿನ ದಪ್ಪ ರೂಪ ಸೂಕ್ತ, ಗಾತ್ರ 28 ಪಾಯಿಂಟಿನಿಂದ ಶುರುಮಾಡಿ ಚೌಕದೊಳಗೆ ಹಿಡಿಸುವಷ್ಟು ಹಿಗ್ಗಿಸಿ. ಅತಿ ದಪ್ಪ ಬೇಡ, ತಲೆಕಟ್ಟಿನ ಒಳಗಿನ ಸಂದು ತುಂಬಿಕೊಂಡು ಅಕ್ಷರ ಬರಿಯ ಕಪ್ಪು ಮುದ್ದೆಯಾಗುತ್ತದೆ.

ಅಂಟಿಸುವಾಗ

ಸ್ಟಿಕರ್ ಕಿತ್ತುಬರುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಅಂಟಲ್ಲ, ಕೀಲಿಯ ಮೇಲೆ ಕೂತ ಚರ್ಮದ ಜಿಡ್ಡು. ಕಂಪ್ಯೂಟರ್ ಆರಿಸಿ, ಕೀಬೋರ್ಡಿನ ತಂತಿ ತೆಗೆದು, 70 ಶೇಕಡಾ ಅಥವಾ ಅದಕ್ಕಿಂತ ಗಟ್ಟಿಯಾದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ಹಾಕಿಕೊಂಡು ಪ್ರತಿ ಕೀಲಿಯನ್ನೂ ಒರೆಸಿ. ಕೀಲಿಯ ಮೇಲೆ ನೇರವಾಗಿ ಸುರಿಯಬೇಡಿ. ಐದು ನಿಮಿಷ ಒಣಗಲಿ. ಉಗುರುಬಣ್ಣ ತೆಗೆಯುವ ದ್ರಾವಣದ ಹತ್ತಿರ ಹೋಗಲೇಬೇಡಿ, ಅದರಲ್ಲಿರುವ ಅಸಿಟೋನ್ ಕೀಲಿಗಳಿಗೆ ಬಳಸುವ ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ.

ಸ್ಟಿಕರಿನ ನಾಲ್ಕೂ ಮೂಲೆಗಳನ್ನು ಸಣ್ಣ ಕತ್ತರಿಯಲ್ಲಿ ದುಂಡಗೆ ಮಾಡಿ, ಚೂಪು ಮೂಲೆಯೇ ಮೊದಲು ಏಳುವುದು. ಚಿಮಟದಲ್ಲಿ ಹಿಡಿದು, ಮೇಲಿನ ಅಂಚನ್ನು ಮೊದಲು ಕೂರಿಸಿ, ಕೆಳಗೆ ಸವರುತ್ತ ಬನ್ನಿ. ಮೇಜಿನ ಕೀಬೋರ್ಡಿನ ಕೀಲಿ ನಡುವೆ ತಗ್ಗಾಗಿರುವುದರಿಂದ ನಡುಭಾಗವನ್ನು ಮೊದಲು ಒತ್ತಿ ಆಮೇಲೆ ಬದಿಗಳನ್ನು ಒತ್ತಿ, ಪ್ರತಿಯೊಂದನ್ನೂ ಹತ್ತು ಸೆಕೆಂಡ್ ಹಿಡಿದಿಡಿ. ಒಂದು ದಿನ ಬಿಟ್ಟು ಬಳಕೆ ಶುರುಮಾಡಿದರೆ ಅಂಟು ಚೆನ್ನಾಗಿ ಕಚ್ಚುತ್ತದೆ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ. ಬೇರೆ ದಾರಿ ಇಲ್ಲದಿದ್ದರೆ ಹೇರ್ ಡ್ರೈಯರಿನ ಬೆಚ್ಚನೆ ಗಾಳಿಯಿಂದ ಕೀಲಿಯ ತೇವ ಹೋಗಿಸಿ ಹಚ್ಚಿ.

ಎಫ್ ಮತ್ತು ಜೆ ಕೀಲಿಗಳ ಮೇಲೆ, ಅಂಕಿಗಳ ಗುಂಪಿನ ಐದರ ಮೇಲೆ ಸಣ್ಣ ಉಬ್ಬುಗೆರೆ ಇರುತ್ತದೆ. ಸ್ಟಿಕರ್ ಅದನ್ನು ಮುಚ್ಚಿದರೆ ಕಣ್ಣಿಗೆ ಲಾಭ, ಕೈಗೆ ನಷ್ಟ. ಆ ಮೂರು ಸ್ಟಿಕರುಗಳ ಕೆಳಭಾಗದಲ್ಲಿ ಉಬ್ಬು ಹೊರಬರುವಷ್ಟು ಕಚ್ಚು ಕತ್ತರಿಸಿ, ಇಲ್ಲವೇ ಮೇಲೆ ಹೊಸ ಉಬ್ಬುಚುಕ್ಕೆ ಕೂರಿಸಿ.

ಉಬ್ಬುಚುಕ್ಕೆಗಳು ಪಾಲಿಯುರೆಥೇನಿನ ಪುಟ್ಟ ಅಂಟುಗುಂಡಿಗಳು, ಪೀಠೋಪಕರಣದ ಬಾಗಿಲಿಗೆ ಸದ್ದಾಗದಂತೆ ಹಚ್ಚುವಂಥವೇ ಸಾಕು. ಎಸ್ಕೇಪ್, ಬ್ಯಾಕ್‌ಸ್ಪೇಸ್, ಎಂಟರ್, ಡಿಲೀಟ್, ಎಡಗಡೆ ಕಂಟ್ರೋಲ್, ಕೆಳಬಾಣ, ಎಫ್4, ಎಫ್8 ಎಂಬ ಎಂಟು ಕಡೆ ಸಾಕು. ಎಫ್4, ಎಫ್8ಕ್ಕೆ ಚುಕ್ಕೆ ಸಿಕ್ಕರೆ ಮೇಲಿನ ಸಾಲಿನ ಹನ್ನೆರಡು ಕೀಲಿಗಳು ನಾಲ್ಕರ ಗುಂಪುಗಳಾಗಿ ಕೈಗೆ ಲೆಕ್ಕ ಸಿಗುತ್ತವೆ. ಎಲ್ಲ ಕೀಲಿಗೂ ಚುಕ್ಕೆ ಹಚ್ಚಿದರೆ ಯಾವುದಕ್ಕೂ ಹಚ್ಚದ ಹಾಗೆಯೇ.

ಲ್ಯಾಪ್‌ಟಾಪಿನಲ್ಲಿ ಎಚ್ಚರ ಬೇಕು. ಮುಚ್ಚಿದಾಗ ಕೀಲಿಗೂ ಪರದೆಗೂ ನಡುವೆ ಇರುವ ಸಂದು ಬಹಳ ಕಿರಿದು. ದಪ್ಪ ಚುಕ್ಕೆ ಪರದೆಯನ್ನು ಒತ್ತಿ ಕಲೆ ಬೀಳಿಸುತ್ತದೆ, ಬಿರುಕೂ ಬಿಡಬಹುದು. ಚುಕ್ಕೆ ಹಚ್ಚಿದ ಜಾಗದ ಮೇಲೆ ಕಾಗದದ ಪಟ್ಟಿ ಇಟ್ಟು ಮೆಲ್ಲಗೆ ಮುಚ್ಚಿ ಎಳೆದು ನೋಡಿ. ಕಾಗದ ಸಿಕ್ಕಿಕೊಂಡರೆ ಚುಕ್ಕೆ ತೆಗೆಯಿರಿ. ಅಂಥ ಯಂತ್ರಕ್ಕೆ ತೆಳು ಸ್ಟಿಕರ್ ಮಾತ್ರ, ಉಬ್ಬು ಬೇಕಾದರೆ ಯುಎಸ್‌ಬಿ ಕೀಬೋರ್ಡ್ ಬೇರೆ ಇಟ್ಟುಕೊಳ್ಳುವುದೇ ಸರಿ. ಒಳಗಿನಿಂದ ಬೆಳಕು ಬರುವ ಕೀಲಿಗೆ ಗಟ್ಟಿ ಬಣ್ಣದ ಸ್ಟಿಕರ್ ಹಚ್ಚಿದರೆ ಬೆಳಕು ಮುಚ್ಚುತ್ತದೆ ಎಂಬುದೂ ನೆನಪಿರಲಿ, ಆಗ ಮೇಜುದೀಪವೇ ಗತಿ.

ಮಾರ್ಕರ್ ಪೆನ್ನಿನಲ್ಲಿ ಬರೆಯುವುದು ಕೆಲವೇ ದಿನ ನಿಲ್ಲುತ್ತದೆ. ಸಿಲಿಕೋನ್ ಹೊದಿಕೆಗಳನ್ನು ಕೊಳ್ಳಿ ಎಂದು ನಾವು ಯಾರಿಗೂ ಹೇಳುವುದಿಲ್ಲ: ಮಬ್ಬು ಪದರದಡಿಯಲ್ಲಿ ಬಣ್ಣವ್ಯತ್ಯಾಸ ಕುಗ್ಗುತ್ತದೆ, ಅಕ್ಷರ ಕೀಲಿಯಿಂದ ಪಕ್ಕಕ್ಕೆ ಜರುಗುತ್ತದೆ, ಒತ್ತಿದ್ದು ಬೆರಳಿಗೆ ತಿಳಿಯುವುದಿಲ್ಲ.

ಕಣ್ಣಿನ ಕೆಲಸವನ್ನು ಕಿವಿಗೂ ಹಂಚುವುದು

ಕ್ಯಾಪ್ಸ್ ಲಾಕಿನ ಪುಟ್ಟ ದೀಪ ಮಂದದೃಷ್ಟಿಯವರಿಗೆ ಕಾಣುವುದಿಲ್ಲ. ವಿಂಡೋಸಿನಲ್ಲಿ ನಮ್ ಲಾಕ್ ಕೀಲಿಯನ್ನು ಐದು ಸೆಕೆಂಡ್ ಒತ್ತಿ ಹಿಡಿದರೆ ಟಾಗಲ್ ಕೀಸ್ ಚಾಲೂ ಮಾಡಬಹುದು, ಆಮೇಲೆ ಕ್ಯಾಪ್ಸ್ ಲಾಕ್ ಒತ್ತಿದಾಗೆಲ್ಲ ಸದ್ದಾಗುತ್ತದೆ. ಈ ಕಿರುದಾರಿ ಕೆಲಸ ಮಾಡದಿದ್ದರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಕೀಬೋರ್ಡ್ ತೆರೆಯಿರಿ, ಅಲ್ಲಿದೆ. ಗುಪ್ತಪದ ತಪ್ಪಿ ಖಾತೆಗೆ ಬೀಗ ಬೀಳುವ ಕಾಟ ಇದೊಂದರಿಂದಲೇ ಬಹಳಷ್ಟು ಕಡಿಮೆಯಾಗುತ್ತದೆ.

ಉಚಿತವಾಗಿ ಸಿಗುವ ಎನ್‌ವಿಡಿಎ ಪರದೆಓದುಗವನ್ನು (ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿಹೇಳುವ ತಂತ್ರಾಂಶ) ಪೂರ್ಣ ಅಂಧರಿಗೆ ಮಾತ್ರ ಎಂದು ತಳ್ಳಿಹಾಕಬೇಡಿ. ಎನ್‌ವಿಡಿಎ ಕೀಲಿಯ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ 1 ಒತ್ತಿದರೆ ಅಭ್ಯಾಸದ ಸ್ಥಿತಿ ಬರುತ್ತದೆ. ಆಗ ಯಾವ ಕೀಲಿ ಒತ್ತಿದರೂ ಅದರ ಹೆಸರು ಕೇಳಿಸುತ್ತದೆ, ಕಡತಕ್ಕೆ ಏನೂ ಆಗುವುದಿಲ್ಲ. ಸ್ಟಿಕರ್ ಸರಿಯಾದ ಜಾಗಕ್ಕೆ ಬಿದ್ದಿದೆಯೇ ಎಂದು ಪರೀಕ್ಷಿಸಲೂ ಇದು ಒಳ್ಳೆಯ ದಾರಿ. ಮತ್ತೆ ಅದೇ ಜೋಡಿ ಒತ್ತಿದರೆ ಹೊರಬರಬಹುದು. ಅದೇ ಕೀಲಿಯ ಜೊತೆ 2 ಒತ್ತಿದರೆ ಟೈಪ್ ಮಾಡಿದ ಪ್ರತಿ ಅಕ್ಷರವನ್ನೂ, 3 ಒತ್ತಿದರೆ ಪ್ರತಿ ಪದವನ್ನೂ ಓದುವ ಆಯ್ಕೆ ಬದಲಾಗುತ್ತದೆ. ಅದರೊಳಗಿರುವ ಈಸ್ಪೀಕ್ ಎಂಬ ದನಿ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ದನಿ ಯಾಂತ್ರಿಕ, ಆದರೆ ಅಕ್ಷರ ಸ್ಪಷ್ಟ.

ವಿಂಡೋಸ್ ಕೀಲಿ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಕೀಬೋರ್ಡ್ ಮೂಡುತ್ತದೆ. ಅದರ ಮೂಲೆ ಎಳೆದು ಬೇಕಾದಷ್ಟು ದೊಡ್ಡದು ಮಾಡಬಹುದು. ಅಪರೂಪದ ಚಿಹ್ನೆ ಎಲ್ಲಿದೆ ಎಂದು ನೋಡಿಕೊಳ್ಳಲು ಇದು ಚೆನ್ನ, ದಿನವಿಡೀ ಬರೆಯಲು ಅಲ್ಲ.

ಹೊಸದನ್ನೇ ಕೊಳ್ಳುವುದಾದರೆ

ಸಾಮಾನ್ಯ ಗಾತ್ರದ, ಅಕ್ಷರ ಮಾತ್ರ ದೊಡ್ಡದಿರುವ ಕೀಬೋರ್ಡ್ ತರಿಸಿ. ಒಂದಂಗುಲದ ಭಾರಿ ಕೀಲಿಗಳ ಕೀಬೋರ್ಡಿನಲ್ಲಿ ಕೀಲಿಗಳ ಸಂಖ್ಯೆ ಕಡಿಮೆ, ಬೆರಳುಗಳಿಗೆ ಕಲಿತ ದೂರವೂ ತಪ್ಪುತ್ತದೆ. ಕೈ ಅದುರುವವರಿಗೆ, ಒಂದೇ ಬೆರಳಿನಲ್ಲಿ ಒತ್ತುವವರಿಗೆ ಮಾತ್ರ ಅದು ಹೊಂದುತ್ತದೆ. ಪ್ರತಿ ಕೀಲಿಗೂ ಅದರದೇ ಸ್ವಿಚ್ ಇರುವ ಮೆಕ್ಯಾನಿಕಲ್ ಕೀಬೋರ್ಡ್ ಇದ್ದರೆ ಕೀಲಿಯ ಟೊಪ್ಪಿಗಳನ್ನೇ ಬದಲಿಸಬಹುದು. ಡಬಲ್‌ಶಾಟ್ ಎಂಬ ಬಗೆಯಲ್ಲಿ ಅಕ್ಷರವೂ ಬೇರೆ ಬಣ್ಣದ ಪ್ಲಾಸ್ಟಿಕ್ಕಿನದೇ ಆಗಿರುವುದರಿಂದ ಎಷ್ಟು ವರ್ಷ ಒತ್ತಿದರೂ ಅಳಿಸುವುದಿಲ್ಲ. ಲ್ಯಾಪ್‌ಟಾಪಿನ ಕೀಲಿಗಳನ್ನು ಹಾಗೆ ಎಬ್ಬಿಸಲು ಹೋಗಬೇಡಿ, ಅಡಿಯ ಕೊಂಡಿ ಮುರಿಯುತ್ತದೆ.

ಹಚ್ಚಿದ ಸ್ಟಿಕರುಗಳಲ್ಲಿ ಮೊದಲು ಸವೆಯುವುದು ಹೆಚ್ಚು ಬಳಕೆಯ ಎ, ಇ, ಎನ್, ಬ್ಯಾಕ್‌ಸ್ಪೇಸ್. ಅಂಚು ಎದ್ದದ್ದನ್ನು ಮತ್ತೆ ಒತ್ತಿ ಕೂರಿಸಬೇಡಿ, ಧೂಳು ಹಿಡಿದ ಅಂಟು ಮತ್ತೆ ಕಚ್ಚುವುದಿಲ್ಲ. ಬೆಚ್ಚನೆ ಗಾಳಿ ಕೊಟ್ಟು ಮೆಲ್ಲಗೆ ಎಳೆದು ತೆಗೆಯಿರಿ. ಉಳಿದ ಅಂಟನ್ನು ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ಬಿಡಿಸಿ, ಆಮೇಲೆ ಎಣ್ಣೆಯ ಜಿಡ್ಡು ಪೂರ್ತಿ ಹೋಗುವವರೆಗೆ ಆಲ್ಕೊಹಾಲಿನಲ್ಲಿ ಎರಡು ಸಲ ಒರೆಸಿ, ಎರಡನೆಯ ಜೊತೆಯಿಂದ ಹೊಸದನ್ನು ಹಚ್ಚಿ. ಆ ಎರಡನೆಯ ಜೊತೆಯನ್ನು ಮಡಚದೆ, ದಪ್ಪ ಪುಸ್ತಕದ ನಡುವೆ ಚಪ್ಪಟೆಯಾಗಿ ಇಟ್ಟಿರಿ. ಸುರುಳಿ ಸುತ್ತಿದ ವಿನೈಲಿನ ಅಂಚು ಹಚ್ಚಿದ ಮೇಲೂ ಮೇಲಕ್ಕೇ ಏಳುತ್ತದೆ.